ಮಾಸ್ಟ್ರಲ್ಲಿ ಕೇಳಿ: ಜಾಝ್ ಮೊದಲು ಬಾಯಲ್ಲಿ ಬರಲಿ

ಕಳೆದ ಸಂಚಿಕೆಯಲ್ಲಿ ಕ್ಲಾರಿನೆಟ್ ರೀಡಿನ ಬಗ್ಗೆ ಬರೆಯುವಾಗ ನಡುವೆ ಜಾಝ್ ಸುದ್ದಿ ಎತ್ತಿದ್ದೇ ತಡ, ಕಾಗದಗಳೂ ಮೆಸೇಜುಗಳೂ ಬಂದು ಬಿದ್ದವು. ಹಾಗಾಗಿ ಈ ತಿಂಗಳು ಬೇರೇನೂ ಇಲ್ಲ, ಬರೀ ಜಾಝ್. ಹಾರ್ಮೋನಿಯಂ ರಿಪೇರಿ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಮಾಸ್ಟ್ರೇ, ನಾನು ಗಿಟಾರ್ ನುಡಿಸುತ್ತೇನೆ. ಸಿನಿಮಾ ಹಾಡು, ರಾಕ್ ಎಲ್ಲ ಬರುತ್ತದೆ. ಜಾಝ್ ಕಲಿಯೋಣ ಅಂತ ನೂರಾರು ಟ್ಯೂನ್ ಇರುವ ದೊಡ್ಡ ಪುಸ್ತಕ ತರಿಸಿದೆ. ಎಲ್ಲಿಂದ ಶುರು ಮಾಡಲಿ? ಮೊದಲು ಸ್ಕೇಲ್ ಎಲ್ಲ ಮುಗಿಸಬೇಕಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ವಿದ್ಯಾರ್ಥಿ ಅಂತ ಬರೆದದ್ದಕ್ಕೆ ‘ನೀನು’ ಅನ್ನುತ್ತೇನೆ, ಬೇಸರ ಮಾಡಬೇಡ. ಆ ಪುಸ್ತಕವನ್ನು ಸದ್ಯಕ್ಕೆ ಕಪಾಟಿನ ಮೇಲೆ ಇಡು. ಬಿಸಾಡಬೇಡ, ಮುಂದೆ ಬೇಕಾಗುತ್ತದೆ. ಅಂಥ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1970ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನ ಹುಡುಗರು ಕೈಬರಹದಲ್ಲಿ ಮಾಡಿದ್ದು. ಹಕ್ಕು ಇದ್ದವರಿಗೆ ಚಿಕ್ಕಾಸೂ ಕೊಡದೆ, ಕದ್ದುಮುಚ್ಚಿ ಮಾರುತ್ತಿದ್ದರು. ಸರಿಯಾದ ಅನುಮತಿ ಪಡೆದು ಅಚ್ಚಾದದ್ದು 2004ರಲ್ಲಿ. ಅದರಲ್ಲಿ ಇರುವುದೇನು? ಟ್ಯೂನಿನ ಸ್ವರಗಳು, ಮೇಲೆ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಹೆಸರು. ಯಾವ ಸ್ವರವನ್ನು ತಡೆದು ಬಿಡಬೇಕು, ಯಾವುದನ್ನು ನುಂಗಬೇಕು, ಎಲ್ಲಿ ಉಸಿರು ಅಂತ ಪುಟದಲ್ಲಿ ಇಲ್ಲ. ಅದೆಲ್ಲ ರೆಕಾರ್ಡಿನಲ್ಲಿ ಉಂಟು.

ಇನ್ನು ಸ್ಕೇಲ್. ಅದು ಮುಗಿಯುವ ವಿಷಯವೇ ಅಲ್ಲ ಮಾರಾಯ. ಸ್ಕೇಲ್ ಮುಗಿಸಿ ಟ್ಯೂನಿಗೆ ಬರುತ್ತೇನೆ ಅಂದವರು ನನ್ನ ಹತ್ತಿರ ಬಹಳ ಮಂದಿ ಬಂದಿದ್ದಾರೆ. ಬೆರಳು ಚೆನ್ನಾಗಿ ಓಡುತ್ತದೆ. ಒಂದು ಟ್ಯೂನ್ ಪೂರ್ತಿ ನುಡಿಸಿ ಅಂದರೆ ಮುಖ ಮುಖ ನೋಡುತ್ತಾರೆ.

ಎರಡು ಟ್ಯೂನ್ ಹೇಳುತ್ತೇನೆ. ಮೊದಲನೆಯದು ಡ್ಯೂಕ್ ಎಲಿಂಗ್ಟನ್‌ನ ‘ಸಿ ಜಾಮ್ ಬ್ಲೂಸ್’, 1942ರದ್ದು. ಇಡೀ ಟ್ಯೂನಿಗೆ ಎರಡೇ ಸ್ವರ, ಜಿ ಮತ್ತು ಸಿ. ನೀನು ಐದು ನಿಮಿಷದಲ್ಲಿ ನುಡಿಸುತ್ತೀಯಾ. ಆದರೆ ಅದೇ ಎರಡು ಸ್ವರವನ್ನು ಪಿಯಾನೊದ ಆಸ್ಕರ್ ಪೀಟರ್ಸನ್ ‘ನೈಟ್ ಟ್ರೇನ್’ ಆಲ್ಬಮ್ಮಿನಲ್ಲಿ ನುಡಿಸಿದ್ದನ್ನು ಕೇಳು. ಕೂತಲ್ಲೇ ಕಾಲು ಕುಣಿಯುತ್ತದೆ. ನಿನ್ನದರಲ್ಲಿ ಕುಣಿಯುವುದಿಲ್ಲ. ಯಾಕೆ ಅಂತ ಹುಡುಕುವುದೇ ನಿನ್ನ ಮೊದಲ ಪಾಠ. ಬ್ಲೂಸ್ ಹನ್ನೆರಡು ಬಾರಿನ ಚೌಕಟ್ಟು (ಇಲ್ಲಿ ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಅಳತೆ): ನಾಲ್ಕು ಬಾರ್ ಸಿ ಸೆವೆನ್, ಎರಡು ಎಫ್ ಸೆವೆನ್, ಪುನಃ ಎರಡು ಸಿ, ಆಮೇಲೆ ಜಿ ಕಡೆ ಹೋಗಿ ವಾಪಸ್ ಸಿಗೆ. ಇದೊಂದು ಕೈಗೆ ಹತ್ತಿದರೆ ಆಲ್ಟೊ ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್‌ನ ‘ನೌಸ್ ದ ಟೈಮ್’ ಕೂಡ ಹೆಚ್ಚುಕಡಿಮೆ ಇದೇ ಅಂತ ಗೊತ್ತಾಗುತ್ತದೆ. ಒಂದು ಚೌಕಟ್ಟಿಗೆ ಹತ್ತಾರು ಟ್ಯೂನ್.

ಎರಡನೆಯದು ‘ಆಟಮ್ ಲೀವ್ಸ್’. ಇದು ಹುಟ್ಟಿದ್ದು ಫ್ರಾನ್ಸಿನಲ್ಲಿ, 1945ರಲ್ಲಿ. ರಾಗ ಹಾಕಿದ್ದು ಜೋಸೆಫ್ ಕೋಸ್ಮಾ, ಮಾತು ಕವಿ ಝಾಕ್ ಪ್ರೆವೇರ್ ಅವರದ್ದು. ಇಂಗ್ಲಿಷ್ ಸಾಹಿತ್ಯವನ್ನು ಜಾನಿ ಮರ್ಸರ್ ಆಮೇಲೆ ಬರೆದದ್ದು. ಜಿ ಮೈನರಿನಲ್ಲಿ ತೆಗೆದುಕೊಂಡು ಮೊದಲ ಎಂಟು ಬಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪ್ರತಿ ಸಾಲಿನಲ್ಲೂ ಮೂರು ಸಣ್ಣ ಸ್ವರ ಮೆಟ್ಟಿಲು ಹತ್ತಿ ಒಂದು ಉದ್ದ ಸ್ವರಕ್ಕೆ ಜಿಗಿಯುತ್ತವೆ. ಆ ಉದ್ದ ಸ್ವರಗಳನ್ನು ಮಾತ್ರ ಬೇರೆ ಬರೆದುಕೋ: ಇ ಫ್ಲ್ಯಾಟ್, ಡಿ, ಸಿ, ಬಿ ಫ್ಲ್ಯಾಟ್. ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬರುತ್ತದೆ, ನೋಡಿದೆಯಾ? ಈಗ ಆ ಜಾಗದಲ್ಲಿರುವ ಕಾರ್ಡ್ ನೋಡು: ಸಿ ಮೈನರ್ ಸೆವೆನ್, ಬಿ ಫ್ಲ್ಯಾಟ್ ಮೇಜರ್, ಎ ಹಾಫ್ ಡಿಮಿನಿಶ್ಡ್, ಜಿ ಮೈನರ್. ಅದೂ ಇಳಿಯುತ್ತದೆ. ಇನ್ನೊಂದು ತಮಾಷೆ ಉಂಟು. ಆ ಉದ್ದ ಸ್ವರ ಪ್ರತಿ ಸಲವೂ ಆಯಾ ಕಾರ್ಡಿನ ಮೂರನೇ ಸ್ವರ. ಕಾರ್ಡ್ ಮೇಜರಾ ಮೈನರಾ ಅಂತ ಹೇಳುವುದೇ ಮೂರನೇ ಸ್ವರ. ಅಂದರೆ ಟ್ಯೂನ್ ಒಂದನ್ನೇ ಹಾಡಿದರೂ ಕಾರ್ಡ್ ಕೇಳಿದ ಹಾಗಾಗುತ್ತದೆ. ಪಕ್ಕವಾದ್ಯ ಬೇಡ, ಏನೂ ಬೇಡ.

ಇದನ್ನು ಸ್ಕೇಲ್ ಪುಸ್ತಕದಿಂದ ಕಲಿಯಲು ಹೊರಟರೆ ಒಂದು ವರ್ಷ ಹಿಡಿದೀತು. ಟ್ಯೂನ್ ಅದನ್ನು ಬಿಟ್ಟಿಯಾಗಿ ಕೊಡುತ್ತದೆ.

ಈಗ ಕೆಲಸ. ಮೊದಲು ನ್ಯಾಟ್ ಕಿಂಗ್ ಕೋಲ್ ಹಾಡಿದ್ದನ್ನು ಕೇಳಿ ಮಾತು ಕಲಿ. ಮಾತು ಗೊತ್ತಿಲ್ಲದೆ ಟ್ಯೂನ್ ನುಡಿಸುವವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ. ಆಮೇಲೆ ಕ್ಯಾನನ್‌ಬಾಲ್ ಆಡರ್ಲಿಯ 1958ರ ‘ಸಮ್‌ಥಿಂಗ್ ಎಲ್ಸ್’ ಹಾಕು. ಟ್ಯೂನ್ ನುಡಿಸುವುದು ಮೈಲ್ಸ್ ಡೇವಿಸ್, ಟ್ರಂಪೆಟ್ಟಿನ ಬಾಯಿಗೆ ಮ್ಯೂಟ್ ಹಾಕಿ. ಅವನು ಬಿಟ್ಟ ಸ್ವರಗಳನ್ನು ಲೆಕ್ಕ ಹಾಕು. ಮೂರನೆಯದಾಗಿ ಪಿಯಾನೊದ ಬಿಲ್ ಎವನ್ಸ್, 1959, ‘ಪೋರ್ಟ್ರೇಟ್ ಇನ್ ಜಾಝ್’. ಅಲ್ಲಿ ಟ್ಯೂನ್ ಮುಗಿದ ಕೂಡಲೇ ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ನುಡಿಸುವ ಸ್ಕಾಟ್ ಲಫಾರೊ ಪಿಯಾನೊಗೆ ಎದುರು ಮಾತಾಡಲು ಶುರು ಮಾಡುತ್ತಾನೆ. ಹಿಂದೆ ನಿಂತು ಲೆಕ್ಕ ಹಾಕುವ ಬೇಸ್ ಅಲ್ಲ ಅದು. ಒಂದೇ ಟ್ಯೂನ್, ಮೂರು ಮನೆ.

ಗಿಟಾರಿನಲ್ಲಿ ಒಂದೇ ಬೆರಳನ್ನು ಆರೂ ತಂತಿಗೆ ಅಡ್ಡ ಒತ್ತಿ ಹಿಡಿಯುವ ‘ಬಾರ್ ಕಾರ್ಡ್’ ಹಿಡಿಯಬೇಡ. ಕಾರ್ಡಿನ ಮೂರನೇ ಸ್ವರ, ಏಳನೇ ಸ್ವರ, ಎರಡು ತಂತಿ ಸಾಕು. ಪುಸ್ತಕ ತೆರೆಯದೆ, ಕತ್ತಲೆಯಲ್ಲಿ, ಕರೆಂಟು ಹೋದಾಗಲೂ ಈ ಟ್ಯೂನ್ ಹಾಡಲು ಬಂದರೆ ಮೂರನೇ ಟ್ಯೂನಿಗೆ ಹೋಗು. ಅಲ್ಲಿಯವರೆಗೆ ಬೇಡ.

ಮಾಸ್ಟ್ರೇ, ನಮಸ್ಕಾರ. ನಾನು ದೇವಸ್ಥಾನದ ಉತ್ಸವ, ನಾಗಮಂಡಲ, ಮದುವೆಗಳಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸುವವನು. ಕೀರ್ತನೆ, ದೇವರನಾಮ ಬರುತ್ತದೆ. ಸ್ಟಾಫ್ ನೊಟೇಶನ್ ಓದಲು ಬರುವುದಿಲ್ಲ. ಜಾಝ್ ಕೇಳಿದರೆ ಆಸೆಯಾಗುತ್ತದೆ. ನಮ್ಮ ಗಮಕ ಅಡ್ಡ ಬರುವುದಿಲ್ಲವಾ? ವಯಸ್ಸು ನಲವತ್ತು ದಾಟಿತು.
— ಸ್ಯಾಕ್ಸೊಫೋನ್ ವಾದಕರು, ಕಾಪು

ನಮಸ್ಕಾರ. ಈ ತಿಂಗಳ ಕಾಗದಗಳಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನಿಮ್ಮದು. ಬೇರೆ ಊರಿನವರಿಗೆ ಸ್ಯಾಕ್ಸೊಫೋನ್ ಅಂದರೆ ಸೂಟು, ಬೂಟು, ಹೋಟೆಲ್. ನಮ್ಮ ಕರಾವಳಿಯಲ್ಲಿ ದೇವರ ಬಲಿ (ಉತ್ಸವದ ಮೆರವಣಿಗೆ) ಹೊರಟರೆ ಮುಂದೆ ಸ್ಯಾಕ್ಸೊಫೋನ್, ಪಂಚೆ ಉಟ್ಟವರ ಕೈಯಲ್ಲಿ! ಇದಕ್ಕೆ ಗೌರವ ತಂದುಕೊಟ್ಟವರು ಕದ್ರಿ ಗೋಪಾಲನಾಥ್ ಅಂತ ನಿಮಗೆ ಹೇಳಬೇಕಾದ್ದಿಲ್ಲ. ಬಂಟ್ವಾಳ ತಾಲೂಕಿನ ಸಜಿಪದವರು, ನಾಗಸ್ವರದ ಮನೆಯವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಮರುಳಾದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಆದರೆ ನಿಮಗೆ ಬೇಕಾದ ರೆಕಾರ್ಡ್ 2008ರ ‘ಕಿನ್ಸ್‌ಮೆನ್’. ನ್ಯೂಯಾರ್ಕಿನ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಗೋಪಾಲನಾಥ್, ಇಬ್ಬರದ್ದೂ ಆಲ್ಟೊ. ಕಣ್ಣು ಮುಚ್ಚಿ ಕೇಳಿ, ಯಾವುದು ಯಾರದ್ದು ಅಂತ ಹೇಳಿ. ಮೊದಲ ಸಲಕ್ಕೇ ನಿಮಗೆ ಗೊತ್ತಾಗುತ್ತದೆ, ಬೇರೆಯವರಿಗೆ ಆಗಲಿಕ್ಕಿಲ್ಲ.

ಗಮಕ ಅಡ್ಡ ಬರುವುದಿಲ್ಲ. ಎಲಿಂಗ್ಟನ್ ಬ್ಯಾಂಡಿನಲ್ಲಿ ಜಾನಿ ಹಾಜಸ್ ಅಂತ ಒಬ್ಬ ಆಲ್ಟೊ ವಾದಕ ಇದ್ದ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ನಿಮ್ಮ ಜಾರು ಕೇಳಿದ್ದರೆ ಆತ ಕುರ್ಚಿ ಹತ್ತಿರ ಎಳೆದು ಕೂರುತ್ತಿದ್ದ. ಒಂದು ಮಾತು ಮಾತ್ರ ನೆನಪಿರಲಿ: ಅವನು ಎಲ್ಲ ಸ್ವರವನ್ನೂ ಜಾರಿಸುವುದಿಲ್ಲ. ಸಾಲಿನಲ್ಲಿ ಒಂದು, ಹೆಚ್ಚೆಂದರೆ ಎರಡು. ಉಳಿದವು ನೆಟ್ಟಗೆ ನಿಲ್ಲುತ್ತವೆ. ನೆಟ್ಟಗೆ ನಿಲ್ಲುವ ಸ್ವರಕ್ಕೆ ಲೆಸ್ಟರ್ ಯಂಗ್ ಕೇಳಿ. ಅವನದ್ದು ಟೆನರ್, ಆದರೆ ದನಿ ತೆಳು, ಹಗುರ. ನನಗೆ ಅವನ ಮೇಲೆ ಸ್ವಲ್ಪ ಪಕ್ಷಪಾತ ಉಂಟು, ಮುಚ್ಚಿಡುವುದಿಲ್ಲ.

ನೊಟೇಶನ್ ಬಗ್ಗೆ ಹೆದರಿಕೆ ಬೇಡ. ‘ಮಿಸ್ಟಿ’ ಎಂಬ ಟ್ಯೂನ್ ಕಟ್ಟಿದ ಪಿಯಾನೊ ವಾದಕ ಎರೊಲ್ ಗಾರ್ನರ್‌ಗೆ ಕಡೆಯವರೆಗೂ ನೊಟೇಶನ್ ಓದಲು ಬರುತ್ತಿರಲಿಲ್ಲ. ಗುರುಮುಖೇನ ಕಲಿತವರ ಕಿವಿ ನಿಮ್ಮದು. ಅದೇ ಬಂಡವಾಳ.

ನಿಜವಾದ ಕಷ್ಟ ಬೇರೆ ಕಡೆ ಉಂಟು. ನಿಮ್ಮ ಶ್ರುತಿ ಹಂದಾಡುವುದಿಲ್ಲ. ಷಡ್ಜ ಒಂದು ಕಡೆ ಕೂತರೆ ಮಂಗಳದವರೆಗೂ ಅಲ್ಲೇ. ಜಾಝ್‌ನಲ್ಲಿ ನೆಲವೇ ಸರಿಯುತ್ತದೆ. ಅದನ್ನು ಅಭ್ಯಾಸ ಮಾಡಲು ನಿಮಗೆ ಹೇಳಿ ಮಾಡಿಸಿದ ಟ್ಯೂನ್ ಒಂದುಂಟು, ಮೈಲ್ಸ್ ಡೇವಿಸ್‌ನ ‘ಸೋ ವಾಟ್’. 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ಹಾಡು. ಅದರಲ್ಲಿ ಟ್ಯೂನ್ ನುಡಿಸುವುದು ಬೇಸ್, ಪಾಲ್ ಚೇಂಬರ್ಸ್. ಉಳಿದವರು ಎರಡೆರಡು ಸ್ವರದಲ್ಲಿ ‘ಹ್ಞೂಂ’ ಅಂದ ಹಾಗೆ ಉತ್ತರ ಕೊಡುತ್ತಾರೆ.

ಇದರ ಸ್ವರಗಳು ನಿಮಗೆ ಗೊತ್ತಿದ್ದವೇ. ಡಿಯನ್ನು ಷಡ್ಜ ಮಾಡಿಕೊಂಡು ಖರಹರಪ್ರಿಯ ರಾಗ ನುಡಿಸಿ, ಅದೇ. ಹದಿನಾರು ಬಾರ್ ಹಾಗೆ. ಆಮೇಲೆ ಎಂಟು ಬಾರ್ ಇಡೀ ಖರಹರಪ್ರಿಯ ಅರ್ಧ ಸ್ವರ ಮೇಲೆ, ಇ ಫ್ಲ್ಯಾಟಿಗೆ, ಹೋಗಿ ಕೂರುತ್ತದೆ. ಕಡೆಯ ಎಂಟು ಬಾರ್ ಪುನಃ ಡಿ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎರಡು ಬಾರಿಗೆ ಆದಿತಾಳದ ಒಂದು ಆವರ್ತನ. ಎಂಟು ಆವರ್ತನ ಕೆಳಗೆ, ನಾಲ್ಕು ಮೇಲೆ, ನಾಲ್ಕು ಕೆಳಗೆ. ಪುನಃ ಮೊದಲಿನಿಂದ. ಆಲ್ಟೊದ ಬೆರಳಿಗೆ ಇವು ಬಿ ಮತ್ತು ಸಿ ಆಗುತ್ತವೆ. ಶ್ರುತಿಪೆಟ್ಟಿಗೆ ಆಫ್ ಮಾಡಿ, ಇಲ್ಲದಿದ್ದರೆ ಎಂಟನೇ ಆವರ್ತನ ಮುಗಿದ ಮೇಲೆ ಮನೆಯವರು ಬಂದು ಏನಾಯಿತು ಅಂತ ಕೇಳುತ್ತಾರೆ. ರಾಗದ ಒಳಗೆ ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಎರಡು ಹೊಸಿಲು ದಾಟುವಾಗ ಮಾತ್ರ ಗಮನ ಇರಲಿ. ಮೈಲ್ಸ್ ಅಲ್ಲಿ ಏನು ಮಾಡುತ್ತಾನೆ ಅಂತ ಹಾಡಿ ಕಲಿಯಿರಿ. ಅವನ ಸೋಲೊದಲ್ಲಿ (ಒಬ್ಬನೇ ಮನೋಧರ್ಮದಿಂದ ನುಡಿಸುವ ಭಾಗದಲ್ಲಿ) ಓಟ ಕಡಿಮೆ, ಬಾಯಲ್ಲಿ ಹಾಡಲು ಬರುತ್ತದೆ.

ಇನ್ನೊಂದು ಸ್ವಿಂಗ್, ಅಂದರೆ ಜಾಝ್‌ನ ತೂಗುವ ನಡೆ. ನೀವು ತಾಳದ ಮೊದಲ ಘಾತಕ್ಕೆ ಒರಗಿಕೊಳ್ಳುತ್ತೀರಿ. ಇಲ್ಲಿ ಎರಡು ಮತ್ತು ನಾಲ್ಕಕ್ಕೆ ಒರಗಬೇಕು. ಮೆಟ್ರೊನೋಮ್ ಅರವತ್ತಕ್ಕೆ ಇಟ್ಟು, ಅದರ ‘ಟಿಕ್’ ಎರಡನೇ ಮತ್ತು ನಾಲ್ಕನೇ ಎಣಿಕೆ ಅಂತ ತಿಳಿದುಕೊಂಡು ‘ಸಿ ಜಾಮ್ ಬ್ಲೂಸ್’ ನುಡಿಸಿ. ಮೊದಮೊದಲು ಕಾಲು ಜಗಳ ಮಾಡುತ್ತದೆ. ಮಾಡಲಿ.

ವಯಸ್ಸಿನ ಮಾತು ಬೇಡವೇ ಬೇಡ. ಪತ್ತನಾಜೆ (ತುಳುನಾಡಿನಲ್ಲಿ ಉತ್ಸವಗಳ ಕಾಲ ಮುಗಿಯುವ ದಿನ) ಕಳೆದರೆ ಜಾತ್ರೆ ಇಲ್ಲ, ನೇಮ ಇಲ್ಲ. ಮಳೆಗಾಲ ಪೂರ್ತಿ ನಿಮ್ಮದೇ.

ನನ್ನ ಮಗಳಿಗೆ ಹದಿಮೂರು. ಪಿಯಾನೊ ಗ್ರೇಡ್ ಪರೀಕ್ಷೆಗಳನ್ನು ಕಟ್ಟುತ್ತಿದ್ದಾಳೆ. ಈಗ ಜಾಝ್ ಬೇಕು ಅಂತ ಹಟ. ಅವಳ ಟೀಚರ್ ಕೈ ಕೆಡುತ್ತದೆ ಅನ್ನುತ್ತಾರೆ. ಏನು ಮಾಡಲಿ ಸರ್?
— ಒಬ್ಬ ತಾಯಿ, ಉಡುಪಿ

ಕೈ ಕೆಡುವುದಿಲ್ಲಮ್ಮ. ಹರ್ಬಿ ಹ್ಯಾಂಕಾಕ್ ಹನ್ನೊಂದನೇ ವಯಸ್ಸಿನಲ್ಲಿ ಶಿಕಾಗೊ ಸಿಂಫನಿ ಜೊತೆ ಮೊಟ್ಜಾರ್ಟ್ ನುಡಿಸಿದವನು. ಮುಂದೆ ಮೈಲ್ಸ್ ಡೇವಿಸ್ ಬ್ಯಾಂಡ್ ಸೇರಿದ. ಬಿಲ್ ಎವನ್ಸ್, ಆಸ್ಕರ್ ಪೀಟರ್ಸನ್ ಇಬ್ಬರೂ ಕ್ಲಾಸಿಕಲ್ ಕಲಿತವರೇ. ಟೀಚರ್ ಜೊತೆ ಜಗಳ ಮಾಡಬೇಡಿ, ಗ್ರೇಡ್ ನಡೆಯಲಿ. ವಾರದಲ್ಲಿ ಒಂದು ದಿನ ಪುಸ್ತಕ ಇಲ್ಲದೆ, ಕೇಳಿದ್ದನ್ನು ಕಿವಿಯಿಂದ ಹುಡುಕಿ ನುಡಿಸಲಿ. ತಪ್ಪು ಸ್ವರ ಬಂದರೆ ಮನೆಯವರು ‘ಅಯ್ಯೋ’ ಅನ್ನಬಾರದು, ಅಷ್ಟೇ ಷರತ್ತು. ಪರೀಕ್ಷೆಯ ಮಕ್ಕಳಿಗೆ ತಪ್ಪು ಸ್ವರದ ಹೆದರಿಕೆ ಜಾಸ್ತಿ. ಅವಳಿಗೆ ಗಾಯಕಿ ಎಲಾ ಫಿಟ್ಜೆರಾಲ್ಡ್ 1960ರಲ್ಲಿ ಬರ್ಲಿನ್ನಿನಲ್ಲಿ ಹಾಡಿದ ‘ಮ್ಯಾಕ್ ದ ನೈಫ್’ ಕೇಳಿಸಿ. ಸಾವಿರಾರು ಜನರ ಎದುರು ಅರ್ಧದಲ್ಲಿ ಮಾತು ಮರೆತುಹೋಗುತ್ತದೆ. ಮರೆತೆ ಅಂತಲೇ ಹಾಡಿಕೊಂಡು, ಆ ಕ್ಷಣಕ್ಕೆ ಬಂದ ಮಾತು ಹಾಕಿ ಮುಗಿಸುತ್ತಾಳೆ. ಆ ರೆಕಾರ್ಡಿಗೆ ಗ್ರ್ಯಾಮಿ ಬಂತು.

‘ಟೇಕ್ ಫೈವ್’ ನಮ್ಮ ಖಂಡಛಾಪುವೇ ಅಲ್ವಾ? ನಾನು ಮೃದಂಗ ಕಲಿಯುತ್ತಿದ್ದೇನೆ.
— ಪಿಯುಸಿ ವಿದ್ಯಾರ್ಥಿನಿ, ಮಣಿಪಾಲ

ಎಣಿಕೆ ಐದು, ಅಷ್ಟು ಹೌದು. ನಡೆ ಬೇರೆ ಮಗಳೇ. ಖಂಡಛಾಪು ಎರಡು-ಮೂರು: ತಕ ತಕಿಟ. ‘ಟೇಕ್ ಫೈವ್’ ಮೂರು-ಎರಡು: ತಕಿಟ ತಕ. ಪಿಯಾನೊದಲ್ಲಿ ಡೇವ್ ಬ್ರುಬೆಕ್ ಮೊದಲಿನಿಂದ ಹಿಡಿದುಕೊಳ್ಳುವ ಆ ಮಾದರಿಯನ್ನು ಕೈಯಲ್ಲಿ ತಟ್ಟಿ ನೋಡು, ಗೊತ್ತಾಗುತ್ತದೆ. ನಿನ್ನ ಖಂಡಛಾಪುವನ್ನು ಅದರ ಮೇಲೆ ಹಾಕಿದರೆ ಎರಡೂ ಗುದ್ದಾಡುತ್ತವೆ. ಅದೂ ಒಂದು ಮಜವೇ, ಮಾಡಿ ನೋಡು.

ಬಹಳ ಜನ ಇದನ್ನು ಬ್ರುಬೆಕ್‌ನ ಟ್ಯೂನ್ ಅಂದುಕೊಂಡಿದ್ದಾರೆ. ಕಟ್ಟಿದ್ದು ಅವನ ಕ್ವಾರ್ಟೆಟ್ಟಿನ (ನಾಲ್ವರ ತಂಡದ) ಆಲ್ಟೊ ವಾದಕ ಪಾಲ್ ಡೆಸ್ಮಂಡ್. ಅದರ ರಾಯಲ್ಟಿಯನ್ನು ತಾನು ಸತ್ತ ಮೇಲೆ ಅಮೆರಿಕನ್ ರೆಡ್‌ಕ್ರಾಸ್‌ಗೆ ಹೋಗುವ ಹಾಗೆ ಬರೆದಿಟ್ಟ. ಆ ಕ್ವಾರ್ಟೆಟ್ 1958ರಲ್ಲಿ ನಮ್ಮ ದೇಶಕ್ಕೂ ಬಂದಿತ್ತು. ಮರುವರ್ಷವೇ ಈ ಟ್ಯೂನ್ ಇರುವ ‘ಟೈಮ್ ಔಟ್’ ಆಲ್ಬಮ್.

ನೀನು ಮುಖ್ಯವಾಗಿ ಕೇಳಬೇಕಾದ್ದು ಜೋ ಮೊರೆಲ್ಲೊ ಅವರ ಡ್ರಮ್ ಸೋಲೊ. ಆ ಹೊತ್ತಿನಲ್ಲಿ ಪಿಯಾನೊ ತನಿಯ ಹಿಂದಿನ ತಾಳದ ಹಾಗೆ ಒಂದೇ ಮಾದರಿ ಬಿಡದೆ ನುಡಿಸುತ್ತಿರುತ್ತದೆ. ಮೊರೆಲ್ಲೊಗೆ ಅವಸರವೇ ಇಲ್ಲ. ಎಷ್ಟು ಜಾಗ ಖಾಲಿ ಬಿಡುತ್ತಾನೆ ನೋಡು. ನಿನ್ನ ಮುಂದಿನ ತನಿ ಆವರ್ತನಕ್ಕೆ ಉಪಯೋಗ ಆದೀತು. ಗುರುಗಳಿಗೆ ನನ್ನ ಹೆಸರು ಹೇಳಬೇಡ.

ಸರ್, ಕೋಲ್ಟ್ರೇನ್‌ನ ‘ಜೈಂಟ್ ಸ್ಟೆಪ್ಸ್’ ಆರು ತಿಂಗಳಲ್ಲಿ ಕಲಿಯಬಹುದಾ?
— ಕೀಬೋರ್ಡ್ ವಾದಕ, ಬೆಂಗಳೂರು (ಮೂಲ ಮೂಡುಬಿದಿರೆ)

ಬೇಡ. ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ 1959ರಲ್ಲಿ ಅದನ್ನು ರೆಕಾರ್ಡ್ ಮಾಡುವಾಗ ಪಿಯಾನೊದಲ್ಲಿ ಕೂತದ್ದು ಟಾಮಿ ಫ್ಲ್ಯಾನಗನ್. ಸಣ್ಣ ಆಸಾಮಿ ಅಲ್ಲ. ಅವನ ಸೋಲೊ ಕೇಳಿ, ನಡುವೆ ನಡುವೆ ಕೈ ನಿಂತೇ ಹೋಗುತ್ತದೆ. ಕಾರ್ಡ್ ಅಷ್ಟು ವೇಗವಾಗಿ ಬದಲಾಗುತ್ತದೆ. ಅದೇ ಫ್ಲ್ಯಾನಗನ್ 1982ರಲ್ಲಿ ಅದೇ ಟ್ಯೂನನ್ನು ತನ್ನ ಆಲ್ಬಮ್ಮಿನಲ್ಲಿ ಪುನಃ ನುಡಿಸಿದ, ಎಷ್ಟು ಸಲೀಸು! ಅವನಿಗೇ ಅಷ್ಟು ಸಮಯ ಬೇಕಾಯಿತು. ನಿಮಗೆ ಕೋಲ್ಟ್ರೇನೇ ಬೇಕು ಅಂತಿದ್ದರೆ ‘ಮೈ ಫೇವರಿಟ್ ಥಿಂಗ್ಸ್’ನಿಂದ ಶುರು ಮಾಡಿ. ಅಲ್ಲಿ ಕಾರ್ಡ್ ಓಡುವುದಿಲ್ಲ, ಒಂದೇ ಕಡೆ ತುಂಬಾ ಹೊತ್ತು ನಿಲ್ಲುತ್ತದೆ. ನಮ್ಮ ಆಲಾಪ ಕೇಳಿ ಬೆಳೆದವರಿಗೆ ಒಗ್ಗುತ್ತದೆ.

ದೊಡ್ಡವರ ಸೋಲೊಗಳನ್ನು ಹಾಗೇ ಕಲಿಯಿರಿ ಅಂತೀರಿ. ಅದು ನಕಲು ಆಗುವುದಿಲ್ಲವೇ? ನಮ್ಮ ಸ್ವಂತದ್ದು ಅಂತ ಏನು ಉಳಿಯುತ್ತದೆ?
— ಕಾಲೇಜು ಉಪನ್ಯಾಸಕರು, ಪುತ್ತೂರು

ಚಾರ್ಲಿ ಪಾರ್ಕರ್ ಸುದ್ದಿ ಹೇಳುತ್ತೇನೆ. ಕನ್ಸಾಸ್ ಸಿಟಿಯ ಹುಡುಗ. ಹದಿನಾರರ ಹತ್ತಿರ ಒಂದು ರಾತ್ರಿ ದೊಡ್ಡವರ ಜೊತೆ ನುಡಿಸಲು ಹತ್ತಿದ, ದಾರಿ ತಪ್ಪಿದ. ಡ್ರಮ್ ನುಡಿಸುತ್ತಿದ್ದ ಜೋ ಜೋನ್ಸ್ ಸಿಂಬಲ್ ತೆಗೆದು ನೆಲಕ್ಕೆ ಎಸೆದ, ಸಾಕು ಇಳಿ ಅಂತ. ಜನ ನಕ್ಕರು. ಮರುವರ್ಷ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟಗಳ ಕಡೆ ಒಂದು ಬ್ಯಾಂಡ್ ಜೊತೆ ಕೆಲಸಕ್ಕೆ ಹೋದ. ಹೋಗುವಾಗ ಲೆಸ್ಟರ್ ಯಂಗ್‌ನ ರೆಕಾರ್ಡುಗಳನ್ನು ಕಟ್ಟಿಕೊಂಡು ಹೋದ. ಅವನ ಸೋಲೊಗಳನ್ನು ಒಂದೊಂದು ಸ್ವರವೂ ಬಿಡದೆ ಬಾಯಿಪಾಠ ಮಾಡಿ ವಾಪಸ್ ಬಂದ. ಈಗ ನೀವೇ ಪಾರ್ಕರ್ ಕೇಳಿ, ಲೆಸ್ಟರ್ ಕೇಳಿ. ಒಬ್ಬನ ಹಾಗೆ ಇನ್ನೊಬ್ಬ ಕೇಳುತ್ತಾನಾ? ಒಂಚೂರೂ ಇಲ್ಲ.

ನ್ಯೂಯಾರ್ಕಿನಲ್ಲಿ ಲೆನ್ನಿ ಟ್ರಿಸ್ಟಾನೊ ಅಂತ ಕಣ್ಣು ಕಾಣದ ಪಿಯಾನೊ ಗುರು ಇದ್ದರು. ಶಿಷ್ಯರು ವಾದ್ಯದಲ್ಲಿ ನುಡಿಸುವ ಮೊದಲು ಲೆಸ್ಟರ್ ಸೋಲೊವನ್ನು ರೆಕಾರ್ಡ್ ಜೊತೆ ಹಾಡಿಸುತ್ತಿದ್ದರು. ಕಡೆಗೆ ರೆಕಾರ್ಡ್ ಇಲ್ಲದೆಯೂ ಬರಬೇಕು. ನಾನು ಕಲಿಸುವುದೂ ಹೀಗೇ. ಯೂಟ್ಯೂಬಿನಲ್ಲಿ ವೇಗ ಮುಕ್ಕಾಲು ಪಾಲಿಗೆ ಇಳಿಸಬಹುದು, ಶ್ರುತಿ ಇಳಿಯುವುದಿಲ್ಲ. ನಮ್ಮ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ, ಕ್ಯಾಸೆಟ್ ಹಿಂದೆ ತಿರುಗಿಸಿ ತಿರುಗಿಸಿ ಟೇಪ್ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಒಂದು ಎಚ್ಚರಿಕೆ. ಸೋಲೊದಿಂದ ಚಂದದ ತುಂಡು ಕತ್ತರಿಸಿ, ಬೇಕಾದಲ್ಲಿ ಅಂಟಿಸುವುದು ಈಗ ಫ್ಯಾಷನ್ ಆಗಿದೆ. ಅದು ನೀವು ಹೇಳುವ ನಕಲು, ನಾನೂ ಒಪ್ಪುತ್ತೇನೆ. ಇಡೀ ಸೋಲೊ ಕಲಿಯಿರಿ. ಆ ತುಂಡಿಗೆ ಮೊದಲು ಅವನು ಎಷ್ಟು ಹೊತ್ತು ಸುಮ್ಮನಿದ್ದ ಅಂತ ಆಗ ಗೊತ್ತಾಗುತ್ತದೆ.

ಅಂಕಲ್, ನಮ್ಮದು ಮದುವೆ ಬ್ಯಾಂಡ್. ಜಾಝ್ ಶುರು ಮಾಡಿದ ಕೂಡಲೇ ಜನ ಎದ್ದು ಊಟದ ಕಡೆ ಹೋಗುತ್ತಾರೆ. ಏನು ಮಾಡುವುದು?
— ಟ್ರಂಪೆಟ್ ವಾದಕ, ಕಲ್ಯಾಣಪುರ

ಊಟದ ಹೊತ್ತಿಗೇ ಶುರು ಮಾಡಿ, ಸಮಸ್ಯೆ ಮುಗಿಯಿತು! ಹಂದಿ ಮಾಂಸ, ಸಣ್ಣಾಸು ತಟ್ಟೆಗೆ ಬಿದ್ದ ಮೇಲೆ ಜನರ ಮನಸ್ಸು ದೊಡ್ಡದಾಗುತ್ತದೆ. ತಮಾಷೆ ಬಿಟ್ಟು ಹೇಳುವುದಾದರೆ, ಕೆನ್ನಿ ಡೋರ್ಹಮ್ ಕಟ್ಟಿದ ‘ಬ್ಲೂ ಬಾಸಾ’ ಹಾಕಿ. ಜೋ ಹೆಂಡರ್ಸನ್‌ನ 1963ರ ‘ಪೇಜ್ ಒನ್’ ಆಲ್ಬಮ್ಮಿನಲ್ಲಿ ಉಂಟು. ಹದಿನಾರೇ ಬಾರ್, ಹಾಡಿಕೊಳ್ಳುವ ರಾಗ, ಸೊಂಟ ಅಲ್ಲಾಡಿಸಲೂ ಬರುತ್ತದೆ. ಮೈಲ್ಸ್‌ನ ‘ಆಲ್ ಬ್ಲೂಸ್’ ಆರರ ಎಣಿಕೆ, ಬೈಲಾ ಕುಣಿಯುವ ಕಾಲಿಗೆ ಅದೇನೂ ಹೊಸತಲ್ಲ, ಸ್ವಲ್ಪ ನಿಧಾನ ಅಷ್ಟೇ. ಸೋಲೊ ಮಾತ್ರ ಒಬ್ಬರಿಗೆ ಒಂದೇ ಸುತ್ತು. ಮದುವೆ ಮನೆಯಲ್ಲಿ ಐದೈದು ಸುತ್ತು ಸೋಲೊ ಹೊಡೆಯುವವನಿಗೆ ಮುಂದಿನ ಮದುವೆಗೆ ಕರೆ ಬರುವುದಿಲ್ಲ.

ನಾನು ಅರುವತ್ತರ ದಶಕದಲ್ಲಿ ಬೊಂಬಾಯಿಯಲ್ಲಿದ್ದೆ. ಅಲ್ಲಿ ಗೋವಾದವರು ಹೋಟೆಲುಗಳಲ್ಲಿ ನುಡಿಸುತ್ತಿದ್ದದ್ದು ಜಾಝ್ ತಾನೇ?
— ಹಿರಿಯ ಓದುಗರು, ಬೆಂದೂರು

ಹೌದು ಸರ್, ಒಳ್ಳೆಯ ಜಾಝ್. ಟ್ರಂಪೆಟ್ಟಿನ ಚಿಕ್ ಚಾಕೊಲೇಟ್ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಲೇ ಕರೆಯುತ್ತಿದ್ದರು. ನಿಜವಾದ ಹೆಸರು ಆಂಟೋನಿಯೊ ಕ್ಸೇವಿಯರ್ ವಾಝ್. ರಾತ್ರಿ ಹೋಟೆಲಿನಲ್ಲಿ ನುಡಿಸಿದವರೇ ಹಗಲು ಹಿಂದಿ ಸಿನಿಮಾದ ರೆಕಾರ್ಡಿಂಗಿಗೆ ಹೋಗುತ್ತಿದ್ದರು. 1951ರ ‘ಅಲ್ಬೇಲಾ’ ಸಿನಿಮಾದಲ್ಲಿ ಚಿಕ್ ಚಾಕೊಲೇಟ್ ಬ್ಯಾಂಡ್ ಪರದೆಯ ಮೇಲೇ ಬರುತ್ತದೆ. ನೀವು ಅವರನ್ನೆಲ್ಲ ಎದುರಿಗೇ ಕೂತು ಕೇಳಿದ್ದರೆ ದಯವಿಟ್ಟು ಬರೆದು ಕಳಿಸಿ. ಯಾವ ಹೋಟೆಲ್, ಯಾವ ಟ್ಯೂನ್, ಯಾರು ಯಾವ ವಾದ್ಯ, ನೆನಪಿದ್ದಷ್ಟು. ಈ ಅಂಕಣವನ್ನು ಒಂದು ತಿಂಗಳು ನಿಮಗೇ ಬಿಟ್ಟುಕೊಡುತ್ತೇನೆ.

ಜಾಝ್‌ನಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?
— ಸಂಗೀತಪ್ರಿಯ, ಬಿಜೈ

ಲೂಯಿ ಆರ್ಮ್‌ಸ್ಟ್ರಾಂಗ್. 1928ರ ‘ವೆಸ್ಟ್ ಎಂಡ್ ಬ್ಲೂಸ್’ ಹಾಕಿ, ಮೊದಲು ಅವನು ಒಬ್ಬನೇ ಟ್ರಂಪೆಟ್ ಊದುವ ಆ ಹತ್ತು-ಹದಿನೈದು ಸೆಕೆಂಡ್ ಕೇಳಿ. ಆಮೇಲೂ ಅನುಮಾನ ಉಳಿದರೆ ಪುನಃ ಅದನ್ನೇ ಹಾಕಿ.

ಮಂಗಳೂರಿನಲ್ಲಿ ಜಾಝ್ ಕ್ಲಬ್ ಇಲ್ಲ, ಜೊತೆಗೆ ನುಡಿಸುವವರೂ ಸಿಗುವುದಿಲ್ಲ. ಒಬ್ಬಳೇ ಕೂತು ಕಲಿಯುವುದು ಹೇಗೆ?
— ಬ್ಯಾಂಕ್ ಉದ್ಯೋಗಿ, ಕಂಕನಾಡಿ

ಇಬ್ಬರು ಸಾಕಮ್ಮ. ಒಬ್ಬರು ಟ್ಯೂನ್, ಒಬ್ಬರು ಬೇಸಿನ ಸ್ವರ. ಚರ್ಚ್ ಕ್ವಾಯರಿನಲ್ಲಿ ಕೀಬೋರ್ಡ್ ನುಡಿಸುವವರಲ್ಲಿ ಯಾರನ್ನಾದರೂ ಕೇಳಿ ನೋಡಿ, ಕಾರ್ಡ್ ಗೊತ್ತಿರುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದಿತ್ಯವಾರ ಮಧ್ಯಾಹ್ನ ಎರಡು ಗಂಟೆ, ಒಂದೇ ಟ್ಯೂನ್. ಯಾರೂ ಸಿಗದಿದ್ದರೆ ಫೋನಿನಲ್ಲಿ ಹಿಮ್ಮೇಳ ಕೊಡುವ ಆ್ಯಪ್‌ಗಳುಂಟು. ನನಗೆ ಅವು ಅಷ್ಟಕ್ಕಷ್ಟೆ. ನೀವು ದಾರಿ ತಪ್ಪಿದರೂ ಅವು ಕಾಯುವುದಿಲ್ಲ, ನೀವು ಏನು ನುಡಿಸಿದಿರಿ ಅಂತ ಕೇಳಿಸಿಕೊಳ್ಳುವುದೂ ಇಲ್ಲ. ಸ್ಯಾಕ್ಸೊಫೋನಿನ ಸೋನಿ ರೋಲಿನ್ಸ್ 1959ರಿಂದ ಎರಡು ವರ್ಷ ಕಛೇರಿ ಬಿಟ್ಟು, ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬನೇ ನಿಂತು ಅಭ್ಯಾಸ ಮಾಡಿದ, ಅಕ್ಕಪಕ್ಕದ ಮನೆಯವರಿಗೆ ತೊಂದರೆ ಬೇಡ ಅಂತ. ನೇತ್ರಾವತಿ ಸೇತುವೆಯಲ್ಲಿ ಅದನ್ನು ಮಾಡಲು ಹೋಗಬೇಡಿ, ಲಾರಿಗಳು ಬಿಡುವುದಿಲ್ಲ.

ಮಳೆಗಾಲ ಬಂದರೆ ನನ್ನ ಸ್ಯಾಕ್ಸೊಫೋನಿನ ಜಿ ಶಾರ್ಪ್ ಕೀ ಅಂಟಿಕೊಳ್ಳುತ್ತದೆ. ಏಳುವುದೇ ಇಲ್ಲ.
— ಹೊಸ ಕಲಿಕೆಯವ, ಮಲ್ಪೆ

ಎಲ್ಲರದ್ದೂ ಹಾಗೇ. ಆ ಪ್ಯಾಡ್ ಸುಮ್ಮನಿರುವಾಗ ಮುಚ್ಚಿಯೇ ಇರುತ್ತದೆ, ಅದಕ್ಕೇ ತೇವ ಹಿಡಿಯುತ್ತದೆ. ಸಿಗರೇಟ್ ಸುತ್ತುವ ತೆಳು ಕಾಗದ ಪ್ಯಾಡಿನ ಕೆಳಗೆ ಇಟ್ಟು, ಮೆಲ್ಲ ಒತ್ತಿ, ಬಿಟ್ಟು, ಕಾಗದ ತೆಗೆಯಿರಿ. ಎಳೆಯಬೇಡಿ, ಪ್ಯಾಡಿನ ಚರ್ಮ ಹರಿಯುತ್ತದೆ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಪೆಟ್ಟಿಗೆಗೆ ಹಾಕುವ ಮೊದಲು ಸ್ವಲ್ಪ ಹೊತ್ತು ಗಾಳಿಗೆ ಇಡಿ. ಮುಖಕ್ಕೆ ಹಾಕುವ ಪೌಡರ್ ಮಾತ್ರ ಹಾಕಬೇಡಿ. ನಮ್ಮ ಊರಿನ ತೇವಕ್ಕೆ ಅದು ಎರಡೇ ದಿನದಲ್ಲಿ ಗಟ್ಟಿ ಅಂಟಾಗುತ್ತದೆ.